ಮೈಗಂಪು: ನಮ್ಮ ಪ್ರಾಚೀನ ಶೃಂಗಾರಕಥನಗಳಲ್ಲಿ ಒಂದು ವಿಚಾರ

ಅನುರಾಗವು ಕಣ್ಣಿನಲ್ಲಿ ಹುಟ್ಟುತ್ತದೆಂಬುದು ನಮ್ಮ ಶಾಸ್ತ್ರಕಾರರ ಸಾಮಾನ್ಯವಾದ ನಂಬಿಕೆ. ಕಾಮಸೂತ್ರವು ಎಣಿಸುವ ಕಾಮದ ಹತ್ತು ಅವಸ್ಥೆಗಳಲ್ಲಿ ಮೊದಲನೆಯದು ಚಕ್ಷುಃಪ್ರೀತಿ. ಆಲಂಕಾರಿಕರು ಪೂರ್ವರಾಗಕ್ಕೆ ದರ್ಶನವನ್ನೂ ಶ್ರವಣವನ್ನೂ ಕಾರಣಗಳಾಗಿ ಹೇಳಿ, ದರ್ಶನವನ್ನು ಪ್ರತ್ಯಕ್ಷದಲ್ಲಿ, ಚಿತ್ರದಲ್ಲಿ, ಸ್ವಪ್ನದಲ್ಲಿ ಎಂದು ಮತ್ತೆ ವಿಂಗಡಿಸುತ್ತಾರೆ. ಮೂಗಿಗೆ ಈ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಆದರೆ ಶಾಸ್ತ್ರವನ್ನು ಬದಿಗಿರಿಸಿ ಕಥೆಗಳನ್ನು ತೆರೆದು ನೋಡಿದರೆ ಸಂಗತಿ ಬೇರೆಯಾಗಿ ತೋರುತ್ತದೆ. ಅಲ್ಲಿ ರಾಜರು ಕಾಣದ ಕಂಪೊಂದನ್ನು ಬೆನ್ನಟ್ಟಿ ಅಡವಿಯಲ್ಲಿ ಅಲೆಯುತ್ತಾರೆ. ಕನ್ಯೆಯರು ಸ್ನಾನಕ್ಕೆಂದು ಬಂದು ಗಾಳಿಯಲ್ಲಿ ತೇಲಿಬಂದ ಪರಿಮಳಕ್ಕೆ ವಶರಾಗುತ್ತಾರೆ. ಪ್ರಣಯಿಗಳು ಧೂಪದ ಹೊಗೆಯಲ್ಲಿ ಪ್ರಾಣ ಬಿಡುತ್ತಾರೆ. ರೂಪವರ್ಣನೆಯನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ವಿಮರ್ಶೆ ಬೆಳೆದಿದೆ. ಗಂಧವನ್ನು ಕುರಿತು ಆ ಪ್ರಮಾಣದಲ್ಲಿ ಬೆಳೆದಿಲ್ಲ. ತರಗತಿಗಳಲ್ಲಿ ಪಾಠ ಹೇಳುವಾಗಲೂ ಇಂಥ ಭಾಗಗಳನ್ನು ಕವಿಸಮಯವೆಂದು ಒಂದು ಮಾತಿನಲ್ಲಿ ದಾಟಿಸಿಬಿಡುವುದು ವಾಡಿಕೆಯಾಗಿದೆ.

ಕವಿಸಮಯವೆಂಬುದು ಉತ್ತರವಲ್ಲವೆಂದು ನಮ್ಮ ಅಭಿಪ್ರಾಯ. ಕವಿಯು ಪ್ರಿಯೆಯ ಮೈ ಸಹಜವಾಗಿಯೇ ಕಂಪಿಡುತ್ತಿತ್ತೆಂದು ಹೇಳುವಾಗ ಆ ಕಂಪು ಎಲ್ಲಿಂದ ಬಂದಿತೆಂದು ಕೇಳುವ ಹಕ್ಕು ಇತಿಹಾಸವನ್ನು ಓದುವವರಿಗೆ ಇದೆ. ಪ್ರಕೃತ ಲೇಖನದಲ್ಲಿ ನಾವು ಮುಖ್ಯವಾಗಿ 10ನೆಯ ಶತಮಾನದಿಂದ 12ನೆಯ ಶತಮಾನದವರೆಗಿನ ಕನ್ನಡನಾಡಿನ ಗ್ರಂಥಗಳನ್ನೂ, ಅವುಗಳ ಹಿನ್ನೆಲೆಯಾಗಿ ನಿಂತಿರುವ ಸಂಸ್ಕೃತ ಕಥೆಗಳನ್ನೂ ಶಾಸ್ತ್ರಗಳನ್ನೂ ಈ ಒಂದು ಪ್ರಶ್ನೆಯಿಂದ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಪಂಪನ ವಿಕ್ರಮಾರ್ಜುನವಿಜಯದ ಒಂದು ಸಂದರ್ಭವನ್ನು ನೋಡಬಹುದು. ಶಂತನು ಬೇಟೆಯ ನೆಪದಲ್ಲಿ ತೊಳಲುತ್ತಿರುವಾಗ ಅವನಿಗೆ ಮೊದಲು ಎದುರಾಗುವುದು ಸತ್ಯವತಿಯಲ್ಲ, ಅವಳ ಮೈಯ ಕಂಪು. ಆ ಕಂಪು ಬಂದು ತಟ್ಟಿದೊಡನೆ ಅವನು ದುಂಬಿಯಂತೆ ಅದರ ಜಾಡು ಹಿಡಿದು ಬರುತ್ತಾನೆ. ಕಂಡು, ಒಲಿದು, ಅವಳ ಕೈಹಿಡಿದು ತನ್ನೊಡನೆ ಬರಲು ಕರೆಯುತ್ತಾನೆ. ಕನ್ಯೆ ನಾಚಿ, ಬೇಕಾದರೆ ತನ್ನ ತಂದೆಯನ್ನು ಕೇಳಬೇಕೆಂದು ಮೆಲ್ಲಗೆ ನುಡಿಯುತ್ತಾಳೆ. ಇಷ್ಟನ್ನೂ ಪಂಪ ಒಂದೇ ವೃತ್ತದಲ್ಲಿ ಅಡಕಗೊಳಿಸಿದ್ದಾನೆ. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಪದ್ಯಗಳಲ್ಲಿ ಇದೂ ಒಂದು. ಪದ್ಯದ ಅಚ್ಚುಕಟ್ಟನ್ನು ಎಲ್ಲರೂ ಮೆಚ್ಚಿದ್ದಾರೆ. ನಾವು ಗಮನಿಸಬೇಕಾದುದು, ಇಲ್ಲಿ ಗಂಧವು ರೂಪಕ್ಕಿಂತ ಮುಂಚೆ ಬರುತ್ತದೆ ಎಂಬುದನ್ನು. ಚಕ್ಷುಃಪ್ರೀತಿಯ ಶಾಸ್ತ್ರ ಇಲ್ಲಿ ಹಿಂದುಮುಂದಾಗಿದೆ.

ಆ ಕಂಪು ಬಂದ ಬಗೆ ಮೂಲಭಾರತದ ಆದಿಪರ್ವದಲ್ಲಿದೆ. ಸತ್ಯವತಿ ಮೀನಿನ ಹೊಟ್ಟೆಯಲ್ಲಿ ಹುಟ್ಟಿದವಳು. ಬೆಸ್ತರ ನಡುವೆ ಬೆಳೆದವಳು. ಯಮುನೆಯಲ್ಲಿ ದೋಣಿ ನಡಸುತ್ತಿದ್ದವಳು. ಮೈಯಲ್ಲಿ ಮೀನಿನ ವಾಸನೆ ಇದ್ದುದರಿಂದ ಮತ್ಸ್ಯಗಂಧಿಯೆಂದು ಹೆಸರಾಯಿತು. ಪರಾಶರನು ಅವಳನ್ನು ಬಯಸಿ, ವರವೊಂದನ್ನು ಬೇಡೆಂದಾಗ ಅವಳು ಬೇಡಿದ್ದು ರಾಜ್ಯವನ್ನಲ್ಲ, ಸಂಪತ್ತನ್ನಲ್ಲ. ಮೈಗೆ ಉತ್ತಮವಾದ ಸುಗಂಧವನ್ನು. ಆ ಬಳಿಕ ಅವಳು ಗಂಧವತಿಯಾದಳು. ಒಂದು ಯೋಜನದವರೆಗೆ ಕಂಪು ಹಬ್ಬುತ್ತಿತ್ತಾಗಿ ಯೋಜನಗಂಧಿಯಾದಳು. ಕಥೆ ಜನ್ಮದ ಕಾರಣವನ್ನು ಹೇಳಿದರೂ, ಮೀನಿನ ವಾಸನೆ ಬೆಸ್ತರ ಕೇರಿಯಲ್ಲಿ ಬಾಳುವವರಿಗೆ ಕಸುಬಿನಿಂದಲೇ ಬರತಕ್ಕದ್ದು. ಋಷಿಯು ಆ ವಾಸನೆಯನ್ನು ಸಹಿಸಿಕೊಂಡು ಅವಳನ್ನು ಒಲಿದನೆಂದು ಕಥೆ ಹೇಳಬಹುದಾಗಿತ್ತು, ಹಾಗೆ ಹೇಳಲಿಲ್ಲ. ವಾಸನೆ ಹೋದ ಮೇಲೆಯೇ ಅವಳು ಹಸ್ತಿನಾವತಿಗೆ ಯೋಗ್ಯಳಾದದ್ದು. ಇತ್ತ ಅವಳ ತಂದೆ ದಾಶರಾಜನಿಗೆ ಯಾರೂ ವರ ಕೊಟ್ಟಂತಿಲ್ಲ. ಆತನು ತನ್ನ ಮಗಳ ಸಂತಾನಕ್ಕೆ ರಾಜ್ಯವನ್ನು ಕೇಳಿ ಭೀಷ್ಮಪ್ರತಿಜ್ಞೆಗೆ ಕಾರಣನಾದದ್ದೂ, ಅದರಿಂದ ಮುಂದೆ ನಡೆದದ್ದೂ ಪ್ರಸಿದ್ಧವಾಗಿಯೇ ಇವೆ.

ಗಂಧವನ್ನು ಅನುಸರಿಸಿ ಹೋಗುವವನು ಯಾವಾಗಲೂ ಪುರುಷನೇ ಎಂದು ತಿಳಿಯಬಾರದು. ಬಾಣನ ಕಾದಂಬರಿಯಲ್ಲಿ, ಆದುದರಿಂದ ಅದನ್ನು ಕನ್ನಡಿಸಿದ ನಾಗವರ್ಮನ ಕರ್ಣಾಟಕ ಕಾದಂಬರಿಯಲ್ಲಿ, ಮಹಾಶ್ವೇತೆ ತಾಯಿಯೊಡನೆ ಅಚ್ಛೋದ ಸರೋವರಕ್ಕೆ ಮೀಯಲು ಬಂದವಳು. ಮನುಷ್ಯಲೋಕದ್ದಲ್ಲದ ಪರಿಮಳವೊಂದು ಗಾಳಿಯಲ್ಲಿ ಬರಲಾಗಿ ಕುತೂಹಲದಿಂದ ಅದರ ಬೆಂಬಳಿವಿಡಿದು ಹೋಗಿ ತಪಸ್ವಿಕುಮಾರನಾದ ಪುಂಡರೀಕನನ್ನು ಕಾಣುತ್ತಾಳೆ. ಕಂಪು ಅವನ ಕಿವಿಯಲ್ಲಿದ್ದ ಪಾರಿಜಾತದ ಹೂಗೊಂಚಲಿನದು, ನಂದನವನದ ದೇವತೆಯಿತ್ತದ್ದು. ಅವನು ಅದನ್ನು ತೆಗೆದು ಅವಳ ಕಿವಿಗಿಡುತ್ತಾನೆ; ಕೈಯ ಜಪಮಾಲೆ ಜಾರುತ್ತದೆ. ಪ್ರೇಮದ ಮೊದಲ ವಸ್ತು ಇಲ್ಲಿ ಒಂದು ವಾಸನೆ. ಅದು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟುತ್ತದೆ. ಆದರೆ ಇಲ್ಲಿಯೂ ಕಂಪು ತಪಸ್ವಿಯ ಮೈಯದಲ್ಲವೆಂಬುದನ್ನು ಮರೆಯಲಾಗದು. ಬಾಣನು ಅದನ್ನು ಹೂವಿಗೇ ಬಿಟ್ಟಿದ್ದಾನೆ. ಕಾಡಿನಲ್ಲಿ ನೋಂತು ಬಾಳುವ ಯುವಕನ ಮೈ ಹೇಗೆ ನಾರುತ್ತಿದ್ದೀತೆಂಬುದನ್ನು ಹೇಳುವ ಗೋಜಿಗೆ ಅವನು ಹೋಗಿಲ್ಲ.

ಕಥೆಗಳು ಮುಚ್ಚಿದ್ದನ್ನು ಶಾಸ್ತ್ರವು ಬಿಚ್ಚಿ ಹೇಳುತ್ತದೆ. ಕಾಮಸೂತ್ರದ ನಾಗರಕವೃತ್ತ ಪ್ರಕರಣ ಈ ದೃಷ್ಟಿಯಿಂದ ಬಹು ಬೆಲೆಯುಳ್ಳದ್ದು. ನಾಗರಕನು ದಿನವೂ ಮೀಯಬೇಕು. ಎರಡು ದಿನಕ್ಕೊಮ್ಮೆ ಮೈ ತಿಕ್ಕಿಸಿಕೊಳ್ಳಬೇಕು. ಮೂರು ದಿನಕ್ಕೊಮ್ಮೆ ನೊರೆಯುಕ್ಕುವ ಪದಾರ್ಥವನ್ನು ಬಳಸಬೇಕು. ಇಷ್ಟಾದ ಮೇಲೆ ವಾತ್ಸ್ಯಾಯನನು ಮುಚ್ಚಿದ ಕಂಕುಳಿನ ಬೆವರನ್ನು ಸತತವಾಗಿ ಒರಸಿಕೊಳ್ಳುತ್ತಿರಬೇಕೆಂದು ಪ್ರತ್ಯೇಕವಾಗಿ ವಿಧಿಸುತ್ತಾನೆ. ಹಾಸಿಗೆಯ ತಲೆದೆಸೆಯಲ್ಲಿರಬೇಕಾದ ವಸ್ತುಗಳು ಇವು: ರಾತ್ರಿ ಪೂಸಿಕೊಂಡು ಉಳಿದ ಅನುಲೇಪನ, ಹೂಮಾಲೆ, ಮೇಣದ ಕರಡಿಗೆ, ಸುಗಂಧದ ಪುಟಿಕೆ, ಮಾದಳದ ಹಣ್ಣಿನ ಸಿಪ್ಪೆ, ತಾಂಬೂಲ. ಮಾದಳದ ಸಿಪ್ಪೆ ಬಾಯಿಯ ವಿರಸವನ್ನು ನೀಗಲೆಂದು ವ್ಯಾಖ್ಯಾನಕಾರನು ವಿವರಿಸುತ್ತಾನೆ. ಅರವತ್ತನಾಲ್ಕು ಕಲೆಗಳಲ್ಲಿ ಗಂಧಯುಕ್ತಿಯೂ ಒಂದು. ಇದು ಮೈಗಂಪನ್ನು ಸಹಜವೆಂದು ನಂಬಿದವನ ಗ್ರಂಥವಲ್ಲ. ಮೈ ಬೆವರುತ್ತದೆ, ಬಾಯಿ ನಾರುತ್ತದೆ, ರಾತ್ರಿಯ ಲೇಪನ ಬೆಳಗಿಗೆ ಮಾಸುತ್ತದೆ ಎಂಬುದನ್ನು ಬಲ್ಲವನ ಗ್ರಂಥ.

ವಾತ್ಸ್ಯಾಯನನಲ್ಲಿ ಪದ್ಮಿನಿ ಇಲ್ಲ. ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂಬ ಚತುರ್ವಿಧ ವಿಭಾಗ ಪ್ರಸಿದ್ಧವಾದದ್ದು ಅನೇಕ ಶತಮಾನಗಳ ಅನಂತರ, ಕೊಕ್ಕೋಕನ ರತಿರಹಸ್ಯದಿಂದ. ಅಲ್ಲಿ ನಾಲ್ಕು ಜಾತಿಗಳಿಗೂ ಒಂದೊಂದು ಗಂಧವನ್ನು ನಿಯಮಿಸಿದೆ: ಪದ್ಮಿನಿಗೆ ಅರಳಿದ ತಾವರೆಯದು, ಚಿತ್ರಿಣಿಗೆ ಜೇನಿನದು, ಶಂಖಿನಿಗೆ ಕ್ಷಾರದ್ದು, ಹಸ್ತಿನಿಗೆ ಆನೆಯ ಮದದ್ದು. 15ನೆಯ ಶತಮಾನದ ಕಲ್ಲರಸನ ಜನವಶ್ಯದ ಮೂಲಕ ಈ ಸಂಪ್ರದಾಯ ಕನ್ನಡಕ್ಕೂ ಇಳಿಯಿತು. ಇಲ್ಲಿ ಒಂದು ವಿನೋದವನ್ನು ಹೇಳದೆ ಇರಲಾರೆವು. ಆನೆಯ ಕಪೋಲದಿಂದ ಮದ ಸುರಿದಾಗ ಅದರ ಕಂಪಿಗೆ ದುಂಬಿಗಳು ಮುತ್ತಿದುವೆಂದು ವರ್ಣಿಸದ ಚಂಪೂಕವಿ ಇಲ್ಲವೆನ್ನಬಹುದು. ಆನೆಯಲ್ಲಿ ಅದು ಐಶ್ವರ್ಯ. ಅದೇ ಗಂಧ ಹೆಣ್ಣಿನಲ್ಲಿದ್ದರೆ ಅವಳು ನಾಲ್ಕನೆಯ ದರ್ಜೆಗೆ ಇಳಿಯುತ್ತಾಳೆ. ಮೂಗಿನ ತೀರ್ಪಿಗೆ ಮೊದಲೇ ಬೇರೊಂದು ತೀರ್ಪು ಆಗಿರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಕೊಕ್ಕೋಕನ ವಿಭಾಗವನ್ನು ಆ ಕಾಲದ ಸ್ತ್ರೀಯರ ವರ್ಣನೆಯೆಂದು ಉದ್ಧರಿಸುವವರು ಈ ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದು ಒಳ್ಳೆಯದು.

ಪದ್ಮಿನಿಯ ಕಲ್ಪನೆ ಹಬ್ಬಿದ ಕಾಲವೇ ಗಂಧದ್ರವ್ಯಗಳ ವಿದ್ಯೆಯೂ ವ್ಯಾಪಾರವೂ ಉಚ್ಛ್ರಾಯದಲ್ಲಿದ್ದ ಕಾಲ. ವಿದ್ಯೆ ಹಳೆಯದು. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ತಲೆ ನರೆತವನಿಗೆ ಮಾಲೆಯೂ ಗಂಧವೂ ಶೋಭಿಸವೆಂದು ಹೇಳಿ, ಕೂದಲಿಗೆ ಬಣ್ಣ ಕಟ್ಟುವ ಕ್ರಮದಿಂದಲೇ ಅವನು ಆ ಅಧ್ಯಾಯವನ್ನು ಆರಂಭಿಸುತ್ತಾನೆ. ಮುಂದೆ ಹದಿನಾರು ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿದರೆ 1,820 ಬಗೆ, ಭಾಗಪ್ರಮಾಣಗಳನ್ನು ಬದಲಿಸುತ್ತ ಹೋದರೆ ಒಟ್ಟು 1,74,720 ಗಂಧಗಳು ಎಂದು ಗಣಿತದಿಂದ ತೋರಿಸುತ್ತಾನೆ. ಗಣಿತದ ಇತಿಹಾಸಕಾರರು ಈ ಸಂಖ್ಯೆಯನ್ನು ಚೆನ್ನಾಗಿ ಬಲ್ಲರು. ಸಾಹಿತ್ಯದ ಅಧ್ಯಾಪಕರು ಅಷ್ಟಾಗಿ ಗಮನಿಸಿದಂತಿಲ್ಲ. ಕನ್ನಡದಲ್ಲಿ ಇಮ್ಮಡಿ ಜಯಸಿಂಹನ ಆಳಿಕೆಯಲ್ಲಿ 1025ರಲ್ಲಿ ಚಾವುಂಡರಾಯನು ಲೋಕೋಪಕಾರವನ್ನು ರಚಿಸಿದನು. ಮನೆ ಕಟ್ಟುವುದು, ಬಾವಿಯ ನೀರು, ಗಿಡಮರಗಳ ಚಿಕಿತ್ಸೆ, ಅಡುಗೆ, ಇವುಗಳ ನಡುವೆ ಗಂಧಯುಕ್ತಿಯೂ ಅಲ್ಲಿ ಸಂಸಾರಕ್ಕೆ ಬೇಕಾದ ತಿಳಿವಳಿಕೆಯಾಗಿ ಬರುತ್ತದೆ. ಅದೇ ರಾಜನ ಕಾಲದಲ್ಲಿಯೇ ಚಂದ್ರರಾಜನು ಮದನತಿಲಕವೆಂಬ ಕಾಮಶಾಸ್ತ್ರವನ್ನು ಕನ್ನಡದಲ್ಲಿ ಬರೆದನು. ಇವೆರಡೂ ಒಂದೇ ಕಾಲದಲ್ಲಿ ಬಂದುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಮತ್ತೆ ನೂರು ವರ್ಷಗಳಾಚೆ, 1129ರ ಸುಮಾರಿನಲ್ಲಿ, ಕಲ್ಯಾಣದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಸ್ನಾನ, ತಾಂಬೂಲ, ವಿಲೇಪನ, ಮಾಲ್ಯ, ಧೂಪ ಇವನ್ನೆಲ್ಲ ರಾಜಭೋಗಗಳೆಂದು ಬೇರೆಬೇರೆಯಾಗಿ ವಿಸ್ತರಿಸಿದ್ದಾನೆ.

ಈ ದ್ರವ್ಯಗಳಲ್ಲಿ ನಮ್ಮ ನಾಡಿನದು ಮುಖ್ಯವಾಗಿ ಶ್ರೀಗಂಧ. ಕಸ್ತೂರಿ ಹಿಮಾಲಯದ ಗಂಡುಮೃಗದ ಹೊಕ್ಕುಳ ಬಳಿಯ ಗ್ರಂಥಿಯಿಂದ ಬರಬೇಕು, ಕುಂಕುಮಕೇಸರಿ ಕಾಶ್ಮೀರದಿಂದ, ಕರ್ಪೂರ ಸುಮಾತ್ರ ದ್ವೀಪದಿಂದ ಕಡಲು ದಾಟಿ. ಅಗರು ಕಾಮರೂಪದ ಕಾಡಿನದು. ಅದೂ ಮರಕ್ಕೆ ಬೂಸು ಹಿಡಿದು, ಗಾಯವಾದ ತಿರುಳು ರಾಳ ತುಂಬಿ ಕಪ್ಪಾದಾಗಲೇ ಕಂಪು ಕೊಡುವಂಥದು. ಅಯ್ಯಾವೊಳೆಯ ಐನೂರ್ವರನ್ನು ಹೊಗಳುವ ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದು ಆನೆ ಕುದುರೆ ರತ್ನಗಳ ಸಾಲಿನಲ್ಲಿಯೇ ಏಲಕ್ಕಿ, ಲವಂಗ, ಚಂದನ, ಕರ್ಪೂರ, ಕಸ್ತೂರಿ, ಕುಂಕುಮಗಳನ್ನು ಅವರ ಸರಕಾಗಿ ಎಣಿಸುತ್ತದೆ. ಇಷ್ಟು ದೂರದಿಂದ ಇಷ್ಟು ಕೈಗಳನ್ನು ದಾಟಿ ಬಂದ ವಸ್ತು ಅರೆಯುವವಳ ಕಲ್ಲಿನ ಮೇಲೆ ಹಾದು ರಾಣಿಯ ಮೈಗೆ ಸೇರುತ್ತಿತ್ತು. ಕವಿ ಅಲ್ಲಿಗೆ ಬರುವ ಹೊತ್ತಿಗೆ ಅರೆದವಳು ಹೊರಗೆ ಹೋಗಿರುತ್ತಿದ್ದಳು. ಅವನಿಗೆ ಕಂಡದ್ದು ಸಹಜಸೌರಭ.

ಸಹಜವೋ ಕೃತಕವೋ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿದ ಕಥೆಯೊಂದು ನೆರೆಯ ತಮಿಳುನಾಡಿನಲ್ಲಿದೆ. ಅದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗದು. ಕುರುಂತೊಗೈ ಸಂಕಲನದ ಎರಡನೆಯ ಪದ್ಯದಲ್ಲಿ ನಾಯಕನು ದುಂಬಿಯನ್ನು ಕುರಿತು, ತನ್ನ ಪ್ರಿಯೆಯ ಕೂದಲಿಗಿಂತ ಕಂಪುಳ್ಳ ಹೂವು ನಿನಗೆ ತಿಳಿದಿದೆಯೇ ಎಂದು ವಿಚಾರಿಸುತ್ತಾನೆ. ಇದು ಇರೈಯನಾರ್ ರಚಿಸಿದ್ದೆಂದು ಪ್ರತೀತಿ. ಇರೈಯನಾರ್ ಎಂದರೆ ಸ್ವಯಂ ಶಿವನೇ ಎಂದು ಪುರಾಣ. ಪಾಂಡ್ಯರಾಜನಿಗೆ ತನ್ನ ರಾಣಿಯ ಕೂದಲಿನ ಕಂಪು ಸಹಜವೇ ಎಂಬ ಸಂಶಯ ಬಂತು. ಬಡವನಾದ ಧರುಮಿಯ ಕೈಯಲ್ಲಿ ಶಿವನು ಈ ಪದ್ಯವನ್ನು ಮದುರೆಯ ಕವಿಸಭೆಗೆ ಕಳುಹಿದನು. ಅಲ್ಲಿನ ನಕ್ಕೀರನು ಇದರಲ್ಲಿ ದೋಷವಿದೆ, ಹೂವು ಎಣ್ಣೆಗಳಿಂದಲ್ಲದೆ ಕೂದಲಿಗೆ ಕಂಪಿಲ್ಲ ಎಂದನು. ಶಿವನೇ ಬಂದು, ಪದ್ಮಿನೀಜಾತಿಯ ಸ್ತ್ರೀಯರಿಗೂ ಹಾಗೆಯೋ, ದೇವಸ್ತ್ರೀಯರಿಗೂ ಹಾಗೆಯೋ, ಕಾಳಹಸ್ತಿಯ ದೇವಿಗೂ ಹಾಗೆಯೋ ಎಂದು ಒಂದೊಂದಾಗಿ ಕೇಳುತ್ತ ಹೋದರೂ ನಕ್ಕೀರನು ಜಗ್ಗಲಿಲ್ಲ. ಕೊನೆಗೆ ಹಣೆಗಣ್ಣು ತೆರೆಯಿತು. ಪುರಾಣದ ತೀರ್ಪು ಶಿವನ ಕಡೆಗಿದೆ. ಜನರು ಇಂದಿಗೂ ನೆನೆಯುವುದು ಮಾತ್ರ ನಕ್ಕೀರನ ಹಟವನ್ನು. ಗಂಧಯುಕ್ತಿಯ ಅಧ್ಯಾಯಗಳನ್ನು ಓದಿದ ಬಳಿಕ ನಾವೂ ಅವನ ಪಕ್ಕದಲ್ಲಿಯೇ ನಿಲ್ಲಬೇಕಾಗುತ್ತದೆ.

ಪ್ರಸಂಗವಶಾತ್ ಒಂದು ಭಾಷಾವಿಷಯ. ಹಳೆಯ ತಮಿಳಿನಲ್ಲಿ ಹೂವಿನ ಕಂಪಿಗೂ ಸಲ್ಲುತ್ತಿದ್ದ ಧಾತುವೇ ನಮ್ಮ 'ನಾರು' ಎಂಬುದು. ಹೊಸಗನ್ನಡದಲ್ಲಿ ಅದು ದುರ್ವಾಸನೆಗೆ ಮಾತ್ರ ಉಳಿದಿದೆ.

ಕಂಪು ಹೀಗೆ ಸಂಪತ್ತಿನ ಗುರುತಾದ ಮೇಲೆ ಅದರ ಅಭಾವ ಪಾಪದ ಗುರುತಾಗಲು ತಡವಾಗಲಿಲ್ಲ. ವಡ್ಡಾರಾಧನೆಯ ಮೊದಲನೆಯ ಕಥೆ ಸುಕುಮಾರಸ್ವಾಮಿಯದು. ಗುರುವನ್ನು ನಿಂದಿಸಿದ ವಾಯುಭೂತಿ ಕತ್ತೆಯಾಗಿ, ಹಂದಿಯಾಗಿ, ನಾಯಾಗಿ, ಆ ಬಳಿಕ ಹುಟ್ಟುಗುರುಡಿಯೂ ದುರ್ಗಂಧವುಳ್ಳವಳೂ ಆದ ಚಂಡಾಲಕನ್ಯೆಯಾಗಿ ಹುಟ್ಟುತ್ತಾನೆ. ಅದೇ ಜೀವ ಮುಂದೆ ಉಜ್ಜಯಿನಿಯ ಸುಕುಮಾರನಾಗಿ ಮೂವತ್ತಿಬ್ಬರು ಮಡದಿಯರೊಡನೆ ಭೋಗದಲ್ಲಿ ಬೆಳೆಯುತ್ತದೆ. ತಾವರೆಯ ಹೂವಿನಲ್ಲಿಟ್ಟು ಕಂಪುಗೊಳಿಸಿದ ಅಕ್ಕಿಯ ಅನ್ನವಲ್ಲದೆ ಬೇರೆ ಅನ್ನ ಅವನ ಗಂಟಲಿಗಿಳಿಯದು. ಕಥೆಗಾರನು ಸದುದ್ದೇಶದಿಂದಲೇ ಬರೆದಿದ್ದಾನೆ. ಕರ್ಮದ ಕ್ರಮವನ್ನು ತೋರಿಸುವುದು ಅವನ ಗುರಿ. ಆದರೂ ಹಂದಿ ನಾಯಿಗಳ ಅನಂತರದ ಮೆಟ್ಟಿಲಿನಲ್ಲಿ, ವಾಸನೆಯನ್ನು ಲಕ್ಷಣವಾಗಿ ಹೊತ್ತು, ಒಂದು ಹೆಣ್ಣನ್ನು ನಿಲ್ಲಿಸಿರುವುದನ್ನು ಓದುವಾಗ ನಾವು ಸುಮ್ಮನೆ ಮುಂದೆ ಸಾಗಲಾರೆವು. ಕಥೆಯ ಕೊನೆಯಲ್ಲಿ ಸುಕುಮಾರನು ವೈರಾಗ್ಯಗೊಂಡು ಬರಿಗಾಲಿನಲ್ಲಿ ನಡೆದು ತಪಸ್ಸಿಗೆ ನಿಂತಾಗ, ಸುಕುಮಾರವಾದ ಪಾದಗಳಿಂದ ಒಸರಿದ ನೆತ್ತರಿನ ಜಾಡು ಹಿಡಿದು ನರಿಯೊಂದು ಮರಿಗಳೊಡನೆ ಬಂದು ಅವನನ್ನು ತಿನ್ನುತ್ತದೆ. ತಾವರೆಯ ಕಂಪಿನ ಅನ್ನವುಂಡ ಮೈಯಲ್ಲಿ ಆ ನರಿಗೆ ಬೇಕಾದದ್ದು ಬೇರೆಯೇ ವಾಸನೆ.

ದೇಹದ ಸ್ವಂತ ಗಂಧಕ್ಕೆ, ಎಂದರೆ ಬೆವರಿಗೆ, ಪ್ರೇಮಕಥೆಯಲ್ಲಿ ಗೌರವ ದೊರೆತ ಸ್ಥಳವೊಂದಾದರೂ ಇದೆಯೇ? ನಮಗೆ ತೋರಿದ ಮಟ್ಟಿಗೆ ನಳೋಪಾಖ್ಯಾನವೊಂದು ಅದರ ಸಮೀಪಕ್ಕೆ ಬರುತ್ತದೆ. ಕನಕದಾಸರ ನಳಚರಿತ್ರೆಯಿಂದ ಈ ಕಥೆ ಕನ್ನಡಿಗರಿಗೆ ಮನೆಮಾತಾಗಿದೆ. ಮೂಲಭಾರತದ ವನಪರ್ವದಲ್ಲಿ ದಮಯಂತಿಯ ಸ್ವಯಂವರಕ್ಕೆ ನಾಲ್ವರು ದೇವತೆಗಳು ನಳನ ರೂಪದಲ್ಲಿಯೇ ಬಂದು ಕುಳಿತರು. ದೇವತೆಗಳು ಬೆವರುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಅವರ ಮಾಲೆ ಬಾಡುವುದಿಲ್ಲ, ಕಾಲು ನೆಲ ಮುಟ್ಟುವುದಿಲ್ಲ. ನಳನಿಗೆ ನೆರಳಿತ್ತು, ಮಾಲೆ ಬಾಡಿತ್ತು, ಮೈಯಲ್ಲಿ ಧೂಳೂ ಬೆವರೂ ಇದ್ದುವು. ಅವಳು ಬೆವರಿದವನನ್ನು ವರಿಸಿದಳು. ಗಂಧದ ಹೆಸರನ್ನೆತ್ತದಿದ್ದರೂ ಮನುಷ್ಯದೇಹವನ್ನು ಅದರ ಗುರುತಿನಿಂದಲೇ ಆರಿಸಿಕೊಂಡ ಪ್ರಣಯಿನಿ ಇವಳು.

ದೇಹಗಂಧದಲ್ಲಿ ಒಂದು ವೈಯಕ್ತಿಕತೆ ಇದೆಯೆಂಬುದನ್ನು ಈಚಿನ ವಿಜ್ಞಾನವೂ ಒಪ್ಪುತ್ತದೆ. ಹೊಸದಾಗಿ ಒಸರಿದ ಬೆವರಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ಮಾರ್ಪಡಿಸಿದಾಗ ವಾಸನೆ ಹುಟ್ಟುತ್ತದೆ. 1995ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 44 ಮಂದಿ ಪುರುಷರು ಎರಡು ರಾತ್ರಿ ತೊಟ್ಟ ಅಂಗಿಗಳನ್ನು 49 ಮಂದಿ ಸ್ತ್ರೀಯರಿಗೆ ಮೂಸಲು ಕೊಟ್ಟು ನಡಸಿದ ಪ್ರಯೋಗವೊಂದು ಪ್ರಖ್ಯಾತವಾಯಿತು. ರೋಗನಿರೋಧಕ್ಕೆ ಸಂಬಂಧಿಸಿದ ಜೀನುಗಳು ತಮ್ಮವುಗಳಿಗಿಂತ ಭಿನ್ನವಾಗಿದ್ದವರ ವಾಸನೆ ಅವರಲ್ಲಿ ಹೆಚ್ಚಿನವರಿಗೆ ಹಿತವೆನಿಸಿತೆಂದು ಫಲಿತಾಂಶ. ಅನಂತರದ ಪ್ರಯೋಗಗಳು ಎಲ್ಲವೂ ಒಂದೇ ಮಾತನ್ನು ಹೇಳಿಲ್ಲ. ಏನೇ ಇರಲಿ, ನಾಲ್ಕು ಜಾತಿ, ನಾಲ್ಕು ಗಂಧ ಎಂಬ ಕೊಕ್ಕೋಕನ ಲೆಕ್ಕಕ್ಕೆ ಇಲ್ಲಿ ಆಧಾರವಿಲ್ಲ.

ಇನ್ನು ಪಂಪನಿಗೆ ಹಿಂದಿರುಗಬಹುದು. ವಿಕ್ರಮಾರ್ಜುನವಿಜಯವನ್ನು ಆರು ತಿಂಗಳಲ್ಲಿಯೂ ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ಮುಗಿಸಿದ ಈ ಕವಿ, 941ರ ಆದಿಪುರಾಣದಲ್ಲಿ ಗಂಧದ ಕಥೆಯನ್ನು ಬೇರೊಂದು ದಿಕ್ಕಿಗೆ ಒಯ್ದಿದ್ದಾನೆ. ಅಲ್ಲಿನ ಪ್ರಣಯಿಗಳು ಒಂದು ಜನ್ಮದಲ್ಲಿ ಲಲಿತಾಂಗದೇವ ಮತ್ತು ಸ್ವಯಂಪ್ರಭೆ. ಮುಂದಿನ ಜನ್ಮದಲ್ಲಿ ವಜ್ರಜಂಘ ಮತ್ತು ಶ್ರೀಮತಿ. ದೇವಲೋಕದಲ್ಲಿಯೇ ಮೊದಲನೆಯ ಎಚ್ಚರಿಕೆ ಬರುತ್ತದೆ. ಬಾಡಬಾರದ ಮಾಲೆ ಲಲಿತಾಂಗನ ಕೊರಳಲ್ಲಿ ಬಾಡುತ್ತದೆ. ಆಯುಷ್ಯ ಆರು ತಿಂಗಳಷ್ಟೇ ಉಳಿಯಿತೆಂಬುದಕ್ಕೆ ಅದು ಗುರುತು. ಎರಡನೆಯದು ಶ್ರೀಮತಿಯ ತಂದೆ ವಜ್ರದಂತ ಚಕ್ರವರ್ತಿಗೆ ಸಂಬಂಧಿಸಿದ್ದು. ತೋಟಗಾರನು ತಂದೊಪ್ಪಿಸಿದ ತಾವರೆಯನ್ನು ಮೂಸಲು ಎತ್ತಿದಾಗ, ಕಂಪಿಗೆ ಸೋತು ಒಳಹೊಕ್ಕು, ರಾತ್ರಿ ದಳಗಳು ಮುಚ್ಚಲಾಗಿ ಅಲ್ಲಿಯೇ ಸತ್ತ ದುಂಬಿ ಅವನ ಕಣ್ಣಿಗೆ ಬೀಳುತ್ತದೆ. ಒಂದೇ ಇಂದ್ರಿಯದ ಆಸೆ ಇಷ್ಟು ಮಾಡಿದರೆ ಐದಕ್ಕೂ ವಶನಾದ ತನ್ನ ಪಾಡೇನೆಂದು ಅವನು ರಾಜ್ಯವನ್ನು ತ್ಯಜಿಸುತ್ತಾನೆ. ಶಂತನು ದುಂಬಿಯಂತೆ ಬಂದನೆಂದು ಬರೆದ ಕೈಯೇ ಈ ದುಂಬಿಯನ್ನೂ ಬರೆದದ್ದು. ಎರಡು ಕಾವ್ಯಗಳನ್ನು ಬೇರೆಬೇರೆ ವರ್ಷಗಳಲ್ಲಿ ಪಾಠ ಮಾಡುವ ನಮ್ಮ ಕ್ರಮದಿಂದ ಈ ಸಂಬಂಧ ವಿದ್ಯಾರ್ಥಿಗಳಿಗೆ ತಪ್ಪಿಹೋಗುತ್ತದೆ.

ಮೂರನೆಯದು ಎಚ್ಚರಿಕೆಯಲ್ಲ, ಘಟನೆಯೇ. ವಜ್ರಜಂಘ ಶ್ರೀಮತಿಯರ ಸೆಜ್ಜೆವನೆಯಲ್ಲಿ ಎಂದಿನಂತೆ ಕಾಳಾಗರುವಿನ ಧೂಪವನ್ನಿಕ್ಕಿದ್ದರು. ಶ್ರೀಮತಿಯ ಕೇಶಕ್ಕೂ ಶಯ್ಯೆಗೂ ಕಂಪೂಡುವ ಆ ಹೊಗೆ ಹೊರಹೋಗಲು ಗವಾಕ್ಷಗಳನ್ನು ತೆರೆದಿಡಬೇಕಾಗಿತ್ತು. ಅಂದು ಸೇವಕರು ಮರೆತರು. ಹೊಗೆ ಕೋಣೆಯನ್ನು ತುಂಬಿತು; ತಬ್ಬಿ ಮಲಗಿದ್ದ ದಂಪತಿಗಳು ಉಸಿರುಕಟ್ಟಿ, ತೋಳು ಸಡಿಲಿಸದೆ, ಒಡನೆಯೇ ಸತ್ತರು. ಪಂಪನಿಗೆ ಮೂಲವಾದ ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿಯೂ ಇದು ಇದೆ. ಭೋಗಕ್ಕೆಂದು ಇಟ್ಟ ಧೂಪವೇ ಮರಣಕ್ಕೆ ಕಾರಣವಾಯಿತೆಂದು ಹೇಳಿ ಆಚಾರ್ಯರು ಭೋಗಗಳನ್ನು ಹಾವಿನ ಹೆಡೆಗೆ ಹೋಲಿಸಿ ಧಿಕ್ಕರಿಸುತ್ತಾರೆ. ಪಂಪನು ಆ ನೀತಿಯನ್ನು ಬಿಟ್ಟಿಲ್ಲ. ಆದರೆ ಅವನ ಮನಸ್ಸು ಅಲ್ಲಿ ನಿಂತಿಲ್ಲ. ಒಲಿದವರು ಒಲಿದವರೊಡನೆ ಒಟ್ಟಿಗೆ ಸಾಯುವುದಕ್ಕಿಂತ ಮಿಗಿಲಾದ ಪುಣ್ಯ ಯಾವುದಿದೆ ಎಂದು ಕೇಳುವ ಅವನ ಕಂದಪದ್ಯ ಧಿಕ್ಕಾರದ ಮಾತಲ್ಲ. ಇಲ್ಲಿ ಆಚಾರ್ಯರ ಶಿಷ್ಯನಿಗಿಂತ ಕವಿ ಮುಂದಾಗಿದ್ದಾನೆ ಎಂದು ನಾವು ತಿಳಿಯುತ್ತೇವೆ.

ಈ ಪ್ರಸಂಗದ ಮಹತ್ತ್ವವನ್ನು ವಿಮರ್ಶಕರು ಸಾಮಾನ್ಯವಾಗಿ ಭೋಗ ವೈರಾಗ್ಯಗಳ ನೆಲೆಯಿಂದ ನೋಡಿದ್ದಾರೆ. ನಮ್ಮ ಪ್ರಶ್ನೆಯ ನೆಲೆಯಿಂದ ನೋಡಿದಾಗ ಕಾಣುವುದು ಗವಾಕ್ಷವನ್ನು ಮರೆತ ಸೇವಕ. ನಾವು ಇದುವರೆಗೆ ನೋಡಿದ ಕಥೆಗಳಲ್ಲೆಲ್ಲ ಕಂಪು ತಾನಾಗಿಯೇ ಬಂದದ್ದು. ವರದಿಂದಲೋ, ದೇವಲೋಕದ ಹೂವಿನಿಂದಲೋ, ಪದ್ಮಿನೀಜಾತಿಯಿಂದಲೋ. ಇಲ್ಲಿ ಮಾತ್ರ ಅದನ್ನು ರಾತ್ರಿಯೂ ಯಾರೋ ಒಬ್ಬರು ಕೆಂಡದ ಮೇಲೆ ಹಾಕುತ್ತಿದ್ದರು, ಯಾರೋ ಒಬ್ಬರು ಬಾಗಿಲು ಕಿಟಕಿಗಳನ್ನು ನೋಡಿಕೊಳ್ಳುತ್ತಿದ್ದರು ಎಂಬುದು ಒಂದು ಕ್ಷಣ ಬಯಲಾಗುತ್ತದೆ. ಅವರು ಒಂದು ರಾತ್ರಿ ಮರೆತದ್ದರಿಂದಲೇ ಅವರಿದ್ದರೆಂದು ನಮಗೆ ತಿಳಿದದ್ದು. ಇನ್ನೂ ಒಂದು ಸಂಗತಿಯನ್ನು ಸೇರಿಸಬಹುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಸುಡುವಾಗ ಹುಟ್ಟಿ ಮಲಗಿದವರನ್ನು ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವೆಂದು ಇಂದು ಎಲ್ಲರೂ ಬಲ್ಲರು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಕವಿಯು ಕಂಡ ಘಟನೆ ಲೋಕದಲ್ಲಿ ನಡೆಯತಕ್ಕದ್ದೇ ಆಗಿದ್ದರೆ, ಆ ದಂಪತಿಗಳನ್ನು ಕೊಂದದ್ದು ಅಗರುವಿನ ಕಂಪಲ್ಲ; ಕಂಪಿನ ಕೆಳಗೆ ಉರಿಯುತ್ತಿದ್ದ, ಮೂಗಿಗೆ ತಿಳಿಯದ ಮತ್ತೊಂದು.

ವಜ್ರಜಂಘನ ಜೀವ ಮುಂದಿನ ಭವಗಳನ್ನು ಕಳೆದು ಆದಿತೀರ್ಥಂಕರ ವೃಷಭನಾಥನಾಗಿ ಹುಟ್ಟುತ್ತದೆ. ತೀರ್ಥಂಕರರಿಗೆ ಹುಟ್ಟಿನಿಂದಲೇ ಬರುವ ಹತ್ತು ಅತಿಶಯಗಳಲ್ಲಿ ಬೆವರಿಲ್ಲದಿರುವುದೂ ಮೈಯ ಸೌರಭವೂ ಸೇರಿವೆ. ಯಾರ ಕೈಯ ನೆರವೂ ಇಲ್ಲದ ಸಹಜಗಂಧವನ್ನು ಜೈನಪುರಾಣ ಹೀಗೆ ಪ್ರಣಯಿಯಿಂದ ತೆಗೆದು ಜಿನನಿಗೆ ಕೊಟ್ಟಿದೆ. ಅದಕ್ಕೂ ಮುಂಚೆ, ಸತ್ತ ಕೂಡಲೇ, ಮುನಿಗಳಿಗೆ ಆಹಾರದಾನ ಮಾಡಿದ್ದ ಪುಣ್ಯದಿಂದ ದಂಪತಿಗಳಿಬ್ಬರೂ ಉತ್ತರಕುರುವಿನ ಭೋಗಭೂಮಿಯಲ್ಲಿ ಜೊತೆಯಾಗಿಯೇ ಹುಟ್ಟುತ್ತಾರೆ. ಅಲ್ಲಿ ಸೇವಕರ ಅವಶ್ಯಕತೆ ಇಲ್ಲ; ಬೇಕಾದುದನ್ನು ಹತ್ತು ಬಗೆಯ ಕಲ್ಪವೃಕ್ಷಗಳು ಕೊಡುತ್ತವೆ. ಪಾನಕ್ಕೆ ಮದ್ಯಾಂಗ, ವಾದ್ಯಕ್ಕೆ ತೂರ್ಯಾಂಗ, ಒಡವೆಗೆ ಭೂಷಣಾಂಗ, ಹೂವಿಗೆ ಮಾಲ್ಯಾಂಗ, ಬೆಳಕಿಗೆ ಜ್ಯೋತಿರಂಗ ದೀಪಾಂಗಗಳು, ಮನೆಗೆ ಗೃಹಾಂಗ, ಊಟಕ್ಕೆ ಭೋಜನಾಂಗ, ಪಾತ್ರೆಗೆ ಭಾಜನಾಂಗ, ಉಡುಗೆಗೆ ವಸ್ತ್ರಾಂಗ. ಧೂಪಾಂಗವೆಂಬ ಮರ ಆ ಹತ್ತರಲ್ಲಿ ಇಲ್ಲ.